ಕ್ಯಾಲೆಂಡರ್ ನೋಡಿ ಬರೆದ ಸಿನಿಮಾ

ನಮ್ಮ ಸಿನಿಮಾದ ಹೀರೋ ಸಾಗರದ ಕಡೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು. ತಮ್ಮನ ಪಾತ್ರದವನು ಯಕ್ಷಗಾನ ಮೇಳದಲ್ಲಿದ್ದಾನೆ. ಅಮ್ಮನಾಗಿ ನಟಿಸಿದವರದ್ದು ಅಡಿಕೆ ತೋಟ. ಯಾರಿಗೂ ಸಂಭಾವನೆ ಕೊಡುವಷ್ಟು ದುಡ್ಡು ನನ್ನಲ್ಲಿರಲಿಲ್ಲ. ಮತ್ತೆ ಅವರ ಬಿಡುವಿಗೆ ನಾನೇ ಹೊಂದಿಕೊಳ್ಳಬೇಕು, ಅಲ್ವಾ?

ಮೊದಲು ಸ್ಕ್ರಿಪ್ಟ್ ಮುಗಿಸಿ, ಆಮೇಲೆ ಡೇಟ್ಸ್ ಕೇಳಲು ಹೋದೆ. ಮೂರು ತಿಂಗಳು ಸುಮ್ನೆ ಹಾಳಾಯಿತು. ಕೊನೆಗೆ ಗೋಡೆಯ ಕ್ಯಾಲೆಂಡರ್ ಇಳಿಸಿ ಪೆನ್ಸಿಲ್ ಹಿಡಿದು ಕುಳಿತೆ. ನವೆಂಬರ್‌ನಿಂದ ಮೇವರೆಗೆ ಮೇಳದ ತಿರುಗಾಟ, ತಮ್ಮ ಸಿಗುವುದು ಮಳೆಗಾಲದಲ್ಲಿ. ಅಡಿಕೆ ಕೊನೆ ಕೊಯ್ಲು ಶುರುವಾದರೆ ಅಮ್ಮ ಸಿಗುವುದಿಲ್ಲ. ಮೇಷ್ಟ್ರಿಗೆ ಭಾನುವಾರ, ದಸರಾ ರಜೆ, ಬೇಸಿಗೆ ರಜೆ. ಮೂವರೂ ಒಟ್ಟಿಗೆ ಇರುವ ದೃಶ್ಯ ಹನ್ನೊಂದಿದ್ದವು. ಎರಡು ಉಳಿಸಿಕೊಂಡು ಮಿಕ್ಕಿದ್ದೆಲ್ಲ ಒಬ್ಬರು, ಇಬ್ಬರಿಗೆ ತಿದ್ದಿದೆ. ಊರಿಗೆ ತಮ್ಮ ಬರುವುದನ್ನೇ ಆಷಾಢಕ್ಕೆ ತಳ್ಳಿದೆ. ಹೆಂಚಿನ ಮೇಲೆ ಮಳೆ ಹೊಡೆದರೆ ಮೈಕಿಗೆ ಮಾತು ಬೀಳುವುದಿಲ್ಲ, ಹಾಗಾಗಿ ಅವನ ಮಾತೂ ಕಡಿಮೆಯಾಯಿತು. ಕಥೆಗೆ ಅದೇ ಚೆನ್ನಾಗಿತ್ತು.

2023ರ ಬೇಸಿಗೆ ರಜೆಯಲ್ಲಿ ಹತ್ತು ದಿನ ಒಟ್ಟಿಗೆ ಶೂಟ್ ಮಾಡುವ ಆಸೆಯಿತ್ತು. ಮೇ 10ಕ್ಕೆ ವಿಧಾನಸಭಾ ಚುನಾವಣೆ ಬಂತು. ಟ್ರೈನಿಂಗ್, ಡ್ಯೂಟಿ ಅಂತ ಮೇಷ್ಟ್ರು ಮಾಯ. ಅದು ಮುಗಿದ ಮೇಲೆ ಬಂದರು ನೋಡಿ, ಗಡ್ಡವೇ ಇಲ್ಲ! "ನೆಂಟರ ಮದುವೆ ಇತ್ತು ಮಾರಾಯಾ, ಮರೆತೇ ಹೋಯ್ತು" ಅಂದರು. ಊಟದ ದೃಶ್ಯ ಅರ್ಧ ಆಗಿತ್ತು, ಗಡ್ಡದ ಸಮೇತ. ಗಡ್ಡ ಬೆಳೆಯುವವರೆಗೆ ಕಾದರೆ ಮಳೆ ಹಿಡಿಯುತ್ತದೆ. ಕ್ಯಾಮೆರಾವನ್ನು ಅವರ ಬೆನ್ನ ಹಿಂದೆ ಇಟ್ಟೆವು. ಕಾಣುವುದು ಒಂದು ಭುಜ, ಅನ್ನಕ್ಕೆ ತಂಬುಳಿ ಕಲಸುವ ಕೈ, ಎದುರಿಗೆ ಅಮ್ಮನ ಮುಖ. ಮಗ ಮಾತು ಮುಗಿಸುವವರೆಗೂ ಅವರು ಬಡಿಸುವ ಸೌಟು ಹಿಡಿದೇ ನಿಂತಿದ್ದರು. ನಾನು ಹೇಳಿಕೊಟ್ಟಿದ್ದಲ್ಲ ಅದು. ಎಡಿಟಿಂಗ್‌ನಲ್ಲಿ ಗಡ್ಡದ ಶಾಟ್‌ಗಳನ್ನೆಲ್ಲ ಕಿತ್ತು ಹಾಕಿದೆ.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಪ್ರತಿ ಶೂಟ್ ಮುಗಿದಾಗ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಮೊಬೈಲ್‌ನಲ್ಲಿ ಫೋಟೊ: ಕೂದಲು, ಬಳೆ, ವಾಚು, ಚಪ್ಪಲಿ. ಬಟ್ಟೆ ನನ್ನ ಮನೆಯ ಕಪಾಟಿನಲ್ಲೇ. ಯಾರ ಕೈಗೂ ಕೊಡುವುದಿಲ್ಲ, ಕೊಟ್ಟರೆ ಒಗೆದು ಬಣ್ಣ ಬಿಡಿಸಿ ತರುತ್ತಾರೆ. ಟ್ಯೂಬ್‌ಲೈಟ್ ಕೆಳಗೆ ಕ್ಯಾಮೆರಾದ ಶಟರ್ ವೇಗ 1/50 ಸೆಕೆಂಡ್, ಇಲ್ಲದಿದ್ದರೆ ನಮ್ಮ 50 ಹರ್ಟ್ಸ್ ಕರೆಂಟಿಗೆ ಚಿತ್ರ ಮಿನುಗುತ್ತದೆ.

ಒಟ್ಟು 23 ದಿನದ ಶೂಟಿಂಗ್, ಹದಿನಾರು ತಿಂಗಳು. ಕ್ಯಾಮೆರಾ ಗೆಳೆಯನದ್ದು. ದುಡ್ಡು ಜಾಸ್ತಿ ಹೋಗಿದ್ದು ಊಟಕ್ಕೆ, ಪೆಟ್ರೋಲಿಗೆ. ಬಸ್‌ನಿಂದ ತಮ್ಮ ಇಳಿಯುವ ಒಂದು ಶಾಟ್ ಮಾತ್ರ ಉಳಿದುಬಿಟ್ಟಿತು, ಅಷ್ಟರಲ್ಲಿ ಅವನು ತಿರುಗಾಟಕ್ಕೆ ಹೊರಟಿದ್ದ. ಅವನ ಶರ್ಟು ಹಾಕಿಕೊಂಡು, ಕೊಡೆ ಬಗ್ಗಿಸಿ, ನಾನೇ ಇಳಿದೆ.