ಕೋಲಾರದಲ್ಲೇ ಮೈಕ್ರೋಆರ್‌ಎನ್‌ಎ ಅಳೆದದ್ದು: ಅನ್ನನಾಳದ ಕ್ಯಾನ್ಸರ್ ಪತ್ತೆಯಲ್ಲಿ ನನ್ನ ಅನುಭವ

ಅನ್ನನಾಳದ ಕ್ಯಾನ್ಸರನ್ನು ರಕ್ತದ ಮೈಕ್ರೋಆರ್‌ಎನ್‌ಎಯಿಂದ (ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕು) ಬೇಗ ಗುರುತಿಸುವ ಕೆಲಸ ಕೋಲಾರದಂಥ ಊರಿನಲ್ಲಿ ಆಗುವಂಥದ್ದಲ್ಲ ಎಂದು ನನಗೆ ಹೇಳದವರಿಲ್ಲ. ಅದೆಲ್ಲ ಬೆಂಗಳೂರಿನ ದೊಡ್ಡ ಲ್ಯಾಬುಗಳ ಕೆಲಸ, ನೀವು ಮಾದರಿ ಕಳಿಸಿಕೊಟ್ಟರೆ ಸಾಕು ಎನ್ನುತ್ತಿದ್ದರು. ಈಗ ನಮ್ಮ ಲ್ಯಾಬಿನಲ್ಲಿ ಮಿರ್-21 ಮತ್ತು ಮಿರ್-375 ಎಂಬ ಎರಡು ಮೈಕ್ರೋಆರ್‌ಎನ್‌ಎಗಳ ಅನುಪಾತ ತಿಂಗಳಿಂದ ತಿಂಗಳಿಗೆ ಒಂದೇ ಹದದಲ್ಲಿ ಬರುತ್ತಿದೆ. ಒಂದೇ ಮಾದರಿಯನ್ನು ಬೇರೆ ಬೇರೆ ದಿನ ಇಬ್ಬರು ಮಾಡಿದರೂ ಸಿಟಿ ಮೌಲ್ಯ (ಪಿಸಿಆರ್‌ನಲ್ಲಿ ಸಂಕೇತ ಕಾಣಲು ಎಷ್ಟು ಸೈಕಲ್ ಬೇಕೆಂಬ ಲೆಕ್ಕ; ಕಡಿಮೆಯಿದ್ದಷ್ಟೂ ಆರ್‌ಎನ್‌ಎ ಹೆಚ್ಚು) ಅರ್ಧ ಸೈಕಲ್ಲಿಗಿಂತ ಹೆಚ್ಚು ಅತ್ತಿತ್ತ ಹೋಗುವುದಿಲ್ಲ. ಈ ಪರೀಕ್ಷೆಯ ಹಣೆಬರಹ ನಿರ್ಧಾರವಾಗುವುದು ಸೂಜಿ ತೆಗೆದ ಮೇಲಿನ ಮೊದಲ ಒಂದು ಗಂಟೆಯಲ್ಲಿ. ಆ ಗಂಟೆಯಲ್ಲಿ ರಕ್ತ ನಮ್ಮ ಕೈಯಲ್ಲಿರುತ್ತದೆ, ಬೆಂಗಳೂರಿನವರ ಕೈಯಲ್ಲಿ ಇರುವುದಿಲ್ಲ.

ಈ ಸೀಮೆಯಲ್ಲಿ ಈ ರೋಗ ಎಷ್ಟು ತಡವಾಗಿ ನಮ್ಮ ಮುಂದೆ ಬರುತ್ತದೆ ಎಂಬುದು ಇಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು. "ಮುದ್ದೆ ಇಳೀತಿಲ್ಲ ಸಾಮಿ" ಎಂದು ಹೇಳಿಕೊಂಡು ಬರುವ ಹೊತ್ತಿಗೆ ರೋಗಿ ಮುದ್ದೆಯಿಂದ ಅಂಬಲಿಗೆ, ಅಂಬಲಿಯಿಂದ ಮಜ್ಜಿಗೆಗೆ ಇಳಿದು ತಿಂಗಳುಗಳನ್ನು ದೂಡಿರುತ್ತಾರೆ. ಎಂಡೋಸ್ಕೋಪ್ ಇಳಿಸಲು ಹೋದರೆ ದಾರಿಯೇ ಅರ್ಧಕ್ಕಿಂತ ಹೆಚ್ಚು ಮುಚ್ಚಿರುತ್ತದೆ. ಲ್ಯೂಗಾಲ್ ಅಯೋಡಿನ್ ಸಿಂಪಡಿಸಿ ನೋಡಿದರೆ ಬಣ್ಣ ಹಿಡಿಯದ, ಅಂದರೆ ಶಂಕಿಸಬೇಕಾದ, ಚಿಕ್ಕ ತೇಪೆಯೂ ಸಿಗುತ್ತದೆ, ನಿಜ. ಆದರೆ ಹೊಗೆಸೊಪ್ಪು ಹಾಕುವ ಪ್ರತಿಯೊಬ್ಬರಿಗೂ ಎಂಡೋಸ್ಕೋಪಿ ಮಾಡುವಷ್ಟು ವೈದ್ಯರೂ ಇಲ್ಲ, ಯಂತ್ರಗಳೂ ಇಲ್ಲ. ಯಾರನ್ನು ಮೊದಲು ಎಂಡೋಸ್ಕೋಪಿಗೆ ಕಳಿಸಬೇಕೆಂದು ಆರಿಸಿಕೊಡುವ ಒಂದು ರಕ್ತಪರೀಕ್ಷೆ ನನಗೆ ಬೇಕಾಗಿತ್ತು.

2011ರಲ್ಲಿ ಜಪಾನಿನ ಕ್ಯೋಟೋದ ತಂಡವೊಂದು ಅನ್ನನಾಳದ ಸ್ಕ್ವಾಮಸ್ ಕ್ಯಾನ್ಸರ್ (ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವುದು) ಇರುವವರ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣ ತೆಗೆದ ದ್ರವದಲ್ಲಿ, ಮಿರ್-21 ಏರುವುದನ್ನೂ ಮಿರ್-375 ಇಳಿಯುವುದನ್ನೂ ತೋರಿಸಿತ್ತು. ನಾನು ಹಿಡಿದದ್ದು ಆ ಜೋಡಿಯನ್ನೇ. ಒಂದು ಏರಿ ಇನ್ನೊಂದು ಇಳಿಯುವುದರಿಂದ ಅನುಪಾತದಲ್ಲಿ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಹೋಲಿಕೆಗೆಂದು ಬಳಸುವ, ಪ್ಲಾಸ್ಮಾದಲ್ಲಿ ನೆಚ್ಚಲಾಗದ ಯು6 ಎಂಬ ಆರ್‌ಎನ್‌ಎಯ ಸಹವಾಸವೂ ತಪ್ಪುತ್ತದೆ. ಕೋವಿಡ್ ಕಾಲದಲ್ಲಿ ತಂದಿದ್ದ ಆರ್‌ಟಿ-ಪಿಸಿಆರ್ ಯಂತ್ರ ವಾರದಲ್ಲಿ ನಾಲ್ಕು ದಿನ ಸುಮ್ಮನೆ ಕೂತಿರುತ್ತಿತ್ತು. ಹಣ ಕೇಳಿದಾಗ ಮಾತ್ರ ಒಂದು ಸಮಿತಿ ನನ್ನ ಅರ್ಜಿಯನ್ನು ಎರಡು ಸಾಲಿನ ಉತ್ತರದೊಂದಿಗೆ ಹಿಂದಿರುಗಿಸಿತು. 2024ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕನ್ ಅವರಿಗೆ ಮೈಕ್ರೋಆರ್‌ಎನ್‌ಎಗಾಗಿ ನೊಬೆಲ್ ಬಂದ ಮೇಲೆ ಅದೇ ಸಮಿತಿಯಿಂದ ಫೋನ್ ಬಂತು. ಅಷ್ಟರಲ್ಲಿ ನಾವು ಅವರ ಹಣವಿಲ್ಲದೆಯೇ ಕೆಲಸ ನಡೆಸಿಕೊಂಡಿದ್ದೆವು.

ಮೊದಲ ವರ್ಷದ ಮಾದರಿಗಳಲ್ಲಿ ಮೂರನೇ ಒಂದು ಪಾಲು ವ್ಯರ್ಥವಾಯಿತು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ರಕ್ತದ ಟ್ಯೂಬುಗಳು ಬಸ್ಸಿನಲ್ಲಿ ಕುಲುಕಾಡುತ್ತ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದವು. ಸೆಂಟ್ರಿಫ್ಯೂಜಿನಿಂದ ತೆಗೆದು ಬಿಳಿ ಕಾಗದದ ಎದುರು ಹಿಡಿದರೆ ಒಣಹುಲ್ಲಿನ ಹಳದಿ ಕಾಣಬೇಕಾದ ಪ್ಲಾಸ್ಮಾ ತೆಳು ಓಕುಳಿಯಂತೆ ಕಾಣುತ್ತಿತ್ತು. ಕೆಂಪು ರಕ್ತಕಣ ಒಡೆದು ಅದರೊಳಗಿನ ಮಿರ್-451 ಹೊರಗೆ ಚೆಲ್ಲಿದ ಮೇಲೆ ಉಳಿದದ್ದನ್ನು ಅಳೆದು ಏನು ಪ್ರಯೋಜನ? ಹೊರಗಿನ ಒಂದು ಲ್ಯಾಬಿಗೆ ಕಳಿಸಿದ್ದ ಮಾದರಿಗಳ ಕಥೆಯೂ ಇದೇ. ಅವರು ಹಿಮೋಲಿಸಿಸ್ (ಕೆಂಪು ಕಣ ಒಡೆದಿದೆಯೇ ಎಂಬುದು) ನೋಡದೆಯೇ ಎಲ್ಲವನ್ನೂ ಓಡಿಸಿ, ಚೆಂದದ ಗ್ರಾಫ್ ಬರೆದು, ಮಾದರಿಯೊಂದಕ್ಕೆ ಸುಮಾರು ನಾಲ್ಕು ಸಾವಿರ ರೂಪಾಯಿಯಂತೆ ಬಿಲ್ ಹಾಕಿದರು. ಆ ಗ್ರಾಫಿನಲ್ಲಿ ಆರೋಗ್ಯವಂತರೂ ರೋಗಿಗಳೂ ಕಲಸಿಹೋಗಿದ್ದರು. ಈ ವಿಧಾನವೇ ಸುಳ್ಳು ಎಂದು ಹೇಳಲು ಹಲವರಿಗೆ ಅಷ್ಟೇ ಸಾಕಾಯಿತು.

ಇನ್ನೊಂದು ಕಾಟ ಹಸಿರು ಮುಚ್ಚಳದ, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು) ಇರುವ ಟ್ಯೂಬಿನದು. ನಮಗೆ ಬೇಕಾದ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು ಮುಗಿದಾಗ ವಾರ್ಡಿನಲ್ಲಿ ಕೈಗೆ ಸಿಕ್ಕ ಹೆಪಾರಿನ್ ಟ್ಯೂಬಿಗೇ ರಕ್ತ ತುಂಬಿ ಕಳಿಸುತ್ತಿದ್ದರು. ಹೆಪಾರಿನ್ ಇದ್ದಲ್ಲಿ ಪಿಸಿಆರ್ ಮೊಂಡು ಬೀಳುತ್ತದೆ. ಅಳತೆ ಸರಿಯಿದೆಯೇ ಎಂದು ನೋಡಲು ನಾವೇ ಬೆರೆಸಿದ ಸಿ. ಎಲೆಗನ್ಸ್ ಹುಳದ ಮಿರ್-39 ಕೂಡ ಆರೇಳು ಸೈಕಲ್ ಹಿಂದೆ ಬೀಳುತ್ತಿತ್ತು. ಹೆಪಾರಿನ್ ಒಡೆಯುವ ಹೆಪಾರಿನೇಸ್ ಹಾಕಿ ಉಳಿಸಿಕೊಳ್ಳಬಹುದು, ಆದರೆ ಅದರ ಬೆಲೆಗೆ ರೋಗಿಯನ್ನು ಆಟೋದಲ್ಲಿ ಕರೆಸಿಕೊಂಡು ಹೊಸ ರಕ್ತ ತೆಗೆಯುವುದೇ ಅಗ್ಗ. ಆಮೇಲೆ ನಮ್ಮ ಇಡಿಟಿಎ ಟ್ಯೂಬುಗಳ ಪೊಟ್ಟಣವನ್ನು ನಾವೇ ವಾರ್ಡಿಗೆ ಕೊಡತೊಡಗಿದೆವು.

ಈಗಿನ ಕ್ರಮ ಹೀಗಿದೆ. ರಕ್ತವನ್ನು ಲ್ಯಾಬಿನ ಪಕ್ಕದ ಕೋಣೆಯಲ್ಲೇ ತೆಗೆಯುತ್ತೇವೆ. ಸಿರಿಂಜಿನಿಂದ ಟ್ಯೂಬಿಗೆ ಒತ್ತಿ ತುಂಬುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಒಂದು ಗಂಟೆಯೊಳಗೆ ಸುಮಾರು 2,000 ಜಿ (ಗುರುತ್ವದ 2,000 ಪಟ್ಟು) ಬಲದಲ್ಲಿ ಸೆಂಟ್ರಿಫ್ಯೂಜಿನ ಮೊದಲ ಸುತ್ತು. ಬಿಳಿ ರಕ್ತಕಣಗಳ ಪದರದ ಮೇಲೆ ಅರ್ಧ ಬೆರಳಿನಷ್ಟು ಪ್ಲಾಸ್ಮಾ ಬಿಟ್ಟು ಉಳಿದದ್ದನ್ನು ಮಾತ್ರ ಪಿಪೆಟ್ಟಿನಿಂದ ತೆಗೆಯಬೇಕು. ಇಲ್ಲಿ ಆಸೆಪಟ್ಟವರು ಕೆಟ್ಟರು. ಪ್ಲೇಟ್‌ಲೆಟ್ಟುಗಳಲ್ಲಿಯೂ ಮಿರ್-21 ಇರುವುದರಿಂದ 12,000 ಜಿ ಬಲದ ಎರಡನೆಯ ಸುತ್ತು ತಪ್ಪಿಸುವಂತಿಲ್ಲ. ಈ ಎರಡು ಸುತ್ತುಗಳ ನಡುವೆ ನಾವು ಮಾಡುವ ಚಿಕ್ಕ ಕೆಲಸವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮಲ್ಲಿಗೆ ಬಂದು ಒಂದು ದಿನ ಜೊತೆಗೆ ಕೂತವರಿಗೆ ತೋರಿಸುತ್ತೇನೆ. ಆಮೇಲೆ ಬೆಳಕಿನ ಹೀರಿಕೆ ಅಳೆಯುವ ನ್ಯಾನೋಡ್ರಾಪಿನಲ್ಲಿ, ಹಿಮೋಗ್ಲೋಬಿನ್ ಸೋರಿದ್ದರೆ ಏಳುವ 414 ನ್ಯಾನೋಮೀಟರಿನ ಶಿಖರ ನೋಡುತ್ತೇವೆ. ಪಿಸಿಆರ್‌ನಲ್ಲಿ ಮಿರ್-23ಎ (ಕೆಂಪು ಕಣ ಒಡೆದರೂ ಅಷ್ಟಾಗಿ ಬದಲಾಗದ್ದು) ಮತ್ತು ಮಿರ್-451ರ ಸಿಟಿ ವ್ಯತ್ಯಾಸ 5ರೊಳಗಿದ್ದರೆ ಒಪ್ಪಿಕೊಳ್ಳುತ್ತೇವೆ, 7 ದಾಟಿದರೆ ಯಾರ ಮಾದರಿಯಾದರೂ ಎಸೆಯುತ್ತೇವೆ. ಮಿರ್-21 ಸಾಮಾನ್ಯವಾಗಿ 24-25ರ ಸುಮಾರಿಗೆ ಬರುತ್ತದೆ, ಮಿರ್-375 ಮಾತ್ರ 33-34ರವರೆಗೆ ಕಾಯಿಸುತ್ತದೆ. ಅದಕ್ಕಾಗಿಯೇ ಪಿಸಿಆರ್ ಪ್ಲೇಟಿನ ಮೂರು ಗುಳಿಗಳಲ್ಲಿ ಓಡಿಸಿ, ಮೂರೂ ಒಂದಕ್ಕೊಂದು ಒಪ್ಪದಿದ್ದರೆ ಮತ್ತೆ ಮಾಡುತ್ತೇವೆ.

ಹಣದ ಮಾತಿಗೆ ಬಂದರೆ, ಸಿದ್ಧ ಕಿಟ್ಟುಗಳಿಂದ ಆರಂಭಿಸಿದಾಗ ಆರ್‌ಎನ್‌ಎ ತೆಗೆಯುವುದಕ್ಕೇ ಮಾದರಿಯೊಂದಕ್ಕೆ ಸಾವಿರದ ಮುನ್ನೂರು ರೂಪಾಯಿ ಆಗುತ್ತಿತ್ತು. ಪಿಸಿಆರ್‌ಗೆ ಬೇಕಾದ ಸಿದ್ಧ ಪ್ರೋಬ್ ಅಸ್ಸೇಗಳ ಖರ್ಚು ಅದರ ಮೇಲೆ. ಈಗ ಫಿನಾಲ್ ಆಧಾರಿತ ರೀಏಜೆಂಟಿನಲ್ಲಿ ತೆಗೆದು, ಗ್ಲೈಕೋಜನ್ ಸೇರಿಸಿ ರಾತ್ರಿಯಿಡೀ ಮೈನಸ್ 20ರಲ್ಲಿ ಕೂರಿಸುತ್ತೇವೆ. ಗ್ಲೈಕೋಜನ್ ಇಲ್ಲದಿದ್ದರೆ ತಳದಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ಇದ್ದರೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಅಂಟಿಕೊಂಡಿರುತ್ತದೆ. ಮೈಕ್ರೋಆರ್‌ಎನ್‌ಎಯನ್ನು ಹಿಡಿಯುವ ಸ್ಟೆಮ್-ಲೂಪ್ ಪ್ರೈಮರುಗಳನ್ನು (ಸಣ್ಣ ಡಿಎನ್‌ಎ ತುಣುಕು) ಬೆಂಗಳೂರಿನಲ್ಲಿ ಮಾಡಿಸಿದೆವು. ಡಿಎನ್‌ಎ ಅಕ್ಷರದ ಲೆಕ್ಕದಲ್ಲಿ ದುಡ್ಡು, ಒಂದು ಸಲ ಮಾಡಿಸಿದರೆ ವರ್ಷಕ್ಕೆ ಮೀರಿ ಬರುತ್ತವೆ. ಎಲ್ಲ ಸೇರಿ ಈಗ ಮಾದರಿಯೊಂದಕ್ಕೆ ಆರುನೂರು ರೂಪಾಯಿ ದಾಟುವುದಿಲ್ಲ. ದೊಡ್ಡ ಖರ್ಚು ಮೈನಸ್ 80 ಫ್ರೀಜರಿನದು. ಬೇಸಿಗೆಯಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ಜನರೇಟರಿಗೆ ಸುರಿದ ಡೀಸೆಲ್ಲಿನ ಲೆಕ್ಕ ಪ್ರೈಮರಿನ ಲೆಕ್ಕಕ್ಕಿಂತ ದೊಡ್ಡದು.

ನಡುವೆ ಎಂಜಲಿನಲ್ಲೂ ಪ್ರಯತ್ನಿಸಿದೆವು, ಸೂಜಿಯೇ ಬೇಡವಲ್ಲ ಎಂಬ ಆಸೆಯಿಂದ. ಆದರೆ ಎಲೆ-ಅಡಿಕೆ, ಹೊಗೆಸೊಪ್ಪು ಹಾಕುವವರ ಎಂಜಲಿನಲ್ಲಿ ಬಾಯಿ ಎಷ್ಟು ಮುಕ್ಕಳಿಸಿದರೂ ಆ ಬಣ್ಣ ಉಳಿದು ಪಿಸಿಆರ್ ತಡೆಯುತ್ತಿತ್ತು. ಅಡಿಕೆಯ ಪಾಲಿಫಿನಾಲ್‌ಗಳದೇ ಕೆಲಸ ಎಂದು ನನ್ನ ಅಂದಾಜು; ಹತ್ತು ಪಟ್ಟು ತೆಳುಮಾಡಿದರೆ ಮಿರ್-21 ಬರುತ್ತದೆ, ಮಿರ್-375 ಕಳೆದುಹೋಗುತ್ತದೆ. ಬೆರಳ ತುದಿಯ ರಕ್ತವನ್ನು ಫಿಲ್ಟರ್ ಕಾಗದದಲ್ಲಿ ಒಣಗಿಸಿ ತರಿಸುವ ಯೋಚನೆಯೂ ನಿಲ್ಲಲಿಲ್ಲ. ಅದರಲ್ಲಿ ರಕ್ತಕಣಗಳ ಆರ್‌ಎನ್‌ಎಯೇ ತುಂಬಿರುವುದರಿಂದ ಪ್ಲಾಸ್ಮಾದ ದನಿ ಕೇಳಿಸುವುದೇ ಇಲ್ಲ.

ಅನುಪಾತವನ್ನು ಕುರುಡಾಗಿ ನಂಬಬಾರದ ಎರಡು ಸಂದರ್ಭಗಳನ್ನು ಹೇಳಲೇಬೇಕು. ಬಾಯಿ ಕ್ಯಾನ್ಸರ್ ನಮ್ಮ ಜಿಲ್ಲೆಗೆ ಹೊಸದಲ್ಲ, ಅದರಲ್ಲೂ ಮಿರ್-21 ಏರುತ್ತದೆ. ಆದ್ದರಿಂದ ರಕ್ತ ತೆಗೆಯುವ ಮೊದಲು ಟಾರ್ಚ್ ಹಿಡಿದು ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ನೋಡುವುದು ನಮ್ಮಲ್ಲಿ ಕಡ್ಡಾಯ. ಎರಡನೆಯದು ಸಕ್ಕರೆ ಕಾಯಿಲೆ. ಮಿರ್-375 ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳಲ್ಲಿ ಹೇರಳವಾಗಿದ್ದು, ಆ ಕೋಶಗಳು ಸತ್ತಾಗ ರಕ್ತಕ್ಕೆ ಸೇರುತ್ತದೆ. ಹಾಗೆ ಸೇರಿದರೆ ರೋಗ ಇದ್ದರೂ ಅನುಪಾತ ಕೆಳಗೇ ಉಳಿಯುವ ಅಪಾಯವಿದೆ. ಸಕ್ಕರೆ ಇರುವವರಿಗೆ ನಾವು ಬೇರೆ ಗೆರೆ (ಅನುಪಾತ ಇದನ್ನು ದಾಟಿದರೆ ಶಂಕೆ ಎಂಬ ಮಿತಿ) ಇಟ್ಟುಕೊಂಡಿದ್ದೇವೆ. ಅದು ಇನ್ನೂ ಗಟ್ಟಿಯಾಗಿಲ್ಲ.

ಬಯಾಪ್ಸಿಯಲ್ಲಿ ಖಚಿತವಾದವರಲ್ಲಿ ಹತ್ತಕ್ಕೆ ಎಂಟರಷ್ಟು ಮಂದಿಯ ಅನುಪಾತ ನಮ್ಮ ಗೆರೆಯ ಮೇಲಿತ್ತು. ಇವರಲ್ಲಿ ಹೆಚ್ಚಿನವರು ಮುಂದುವರಿದ ಹಂತದವರು. ಆರಂಭದ ಹಂತದವರು ಬೆರಳೆಣಿಕೆಯಷ್ಟೇ ಸಿಕ್ಕಿದ್ದಾರೆ, ಆದರೆ ಆ ಕೆಲವರಲ್ಲಿ ಮಾಲೂರಿನ ಕಡೆಯ ಒಬ್ಬ ತಾಯಿಗೆ ಮುದ್ದೆ ಇನ್ನೂ ಸಲೀಸಾಗಿ ಇಳಿಯುತ್ತಿತ್ತು. ಅನುಪಾತ ಏರಿದ್ದಕ್ಕೇ ಎಂಡೋಸ್ಕೋಪಿಗೆ ಕಳಿಸಿದೆವು. ಅಯೋಡಿನ್ ಹಿಡಿಯದ ಉಗುರಗಲದ ಜಾಗ ಅಲ್ಲಿತ್ತು. ನಮ್ಮ ವರದಿಯಲ್ಲಿ ಕ್ಯಾನ್ಸರ್ ಇದೆ ಅಥವಾ ಇಲ್ಲ ಎಂದು ಎಲ್ಲಿಯೂ ಬರೆಯುವುದಿಲ್ಲ. ಗೆರೆ ದಾಟಿದವರಿಗೆ ಎರಡು ವಾರದೊಳಗೆ ಅಯೋಡಿನ್ ಎಂಡೋಸ್ಕೋಪಿ ಎಂದು ಬರೆದು, ದಿನಾಂಕವನ್ನು ನಾವೇ ಕೇಳಿ ಗೊತ್ತುಮಾಡಿ, ಮನೆಯವರ ಕೈಗೆ ಚೀಟಿ ಕೊಡುತ್ತೇವೆ.