ಜರ್ಮನಿಯ ‘ಕನಾಕೆ’ ನಮ್ಮ ಕನಕ ಅಲ್ಲ

ಮಗ ಆಗ ಆರನೇ ಕ್ಲಾಸು. ಫುಟ್‌ಬಾಲ್ ಆಡಿ ಬಂದವನು ಫೋನಿನಲ್ಲಿ ಗೆಳೆಯನನ್ನು ‘ಕನಾಕೆ’ ಎಂದು ಕರೆದು ನಗುತ್ತಿದ್ದ. ಊರಿಂದ ಬಂದಿದ್ದ ನಮ್ಮತ್ತೆ ಕೇಳಿಸಿಕೊಂಡು, ‘ಕನಕನಾ? ಎಷ್ಟು ಒಳ್ಳೇ ಹೆಸರು!’ ಎಂದರು. ಅವರ ಕಣ್ಣ ಮುಂದೆ ಉಡುಪಿಯ ಕನಕನ ಕಿಂಡಿ. ನನಗೋ ಎದೆ ಧಸಕ್ಕೆಂದಿತು.

ಹೊಸದಾಗಿ ಜರ್ಮನಿಗೆ ಬಂದವರಿಗೆ ಭಾಷೆಯ ಕ್ಲಾಸಿನಲ್ಲಿ ಈ ಪದ ಕಲಿಸುವುದಿಲ್ಲ. ಆದರೆ ಟ್ರಾಮಿನಲ್ಲೋ ಮೈದಾನದಲ್ಲೋ ಒಂದಲ್ಲ ಒಂದು ದಿನ ಕಿವಿಗೆ ಬಿದ್ದೇ ಬೀಳುತ್ತದೆ. ಅದು ಬೈಗುಳ. ‘ಎಲ್ಲಿಂದಲೋ ಬಂದ ಕಂದುಬಣ್ಣದವನೇ’ ಎಂಬ ತಾತ್ಸಾರ ಅದರಲ್ಲಿದೆ.

ಹುಟ್ಟಿದಾಗ ಹಾಗಿರಲಿಲ್ಲ. ಹವಾಯಿ ಭಾಷೆಯಲ್ಲಿ ‘ಕನಕ’ ಎಂದರೆ ಮನುಷ್ಯ, ಅಷ್ಟೇ. 19ನೇ ಶತಮಾನದಲ್ಲಿ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ಹವಾಯಿಯವರು ಕೆಲಸಕ್ಕಿದ್ದರು. ಬಿಳಿಯ ನಾವಿಕರು ಆ ಪದವನ್ನು ಎತ್ತಿಕೊಂಡು ಪೆಸಿಫಿಕ್ ದ್ವೀಪಗಳವರಿಗೆಲ್ಲ ಅಂಟಿಸಿದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಕಬ್ಬಿನ ತೋಟಗಳಿಗೆ ಹಡಗಿನಲ್ಲಿ ತಂದ ಕೂಲಿಗಳಿಗೂ ಅದೇ ಹೆಸರಾಯಿತು. ಅವರಲ್ಲಿ ಎಷ್ಟೋ ಜನರನ್ನು ಮೋಸ ಮಾಡಿ ಹತ್ತಿಸಿಕೊಂಡಿದ್ದರು. ಅದೇ ಪೆಸಿಫಿಕ್‌ನಲ್ಲಿ 1884ರಲ್ಲಿ ನ್ಯೂಗಿನಿಯ ಒಂದು ಭಾಗ, 1900ರಲ್ಲಿ ಸಮೋವಾ ಜರ್ಮನಿಯ ವಸಾಹತುಗಳಾದವು. ‘ಮನುಷ್ಯ’ ಎಂಬ ಪದ ಯಜಮಾನರ ಬಾಯಲ್ಲಿ ‘ಕಾಡಿನವನು’ ಎಂಬ ಅರ್ಥಕ್ಕೆ ಇಳಿಯಿತು.

ವಸಾಹತುಗಳು ಕೈಬಿಟ್ಟು ಹೋದರೂ ಪದ ಜರ್ಮನಿಯಲ್ಲೇ ಉಳಿಯಿತು. ಕೆಲಸಗಾರರನ್ನು ಕರೆಸಿಕೊಳ್ಳಲು 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದವಾಯಿತು. ಹಾಗೆ ಬಂದವರ ಮೇಲೆ, ಅದರಲ್ಲೂ ಟರ್ಕಿಯವರ ಮೇಲೆ, ಹಳೇ ಬೈಗುಳ ಹೊಸದಾಗಿ ಬಿತ್ತು. ಪೆಸಿಫಿಕ್ ಎಲ್ಲಿ, ಇಸ್ತಾಂಬುಲ್ ಎಲ್ಲಿ! ಬೈಯುವವರಿಗೆ ಭೂಪಟ ಬೇಕಿಲ್ಲ. ಹಾಗಾಗಿ ‘ನಾವು ಐಟಿಯವರು, ಅದು ನಮಗಲ್ಲ’ ಎಂದು ಸುಮ್ನೆ ಕೂರಬೇಡಿ. ರಾತ್ರಿ ಹನ್ನೊಂದಕ್ಕೆ ಸ್ಟೇಷನ್ನಿನಲ್ಲಿ ನಿಮ್ಮ ಬ್ಲೂ ಕಾರ್ಡ್ (ಓದಿದ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಯಾರಿಗೂ ಕಾಣುವುದಿಲ್ಲ.

ಆಮೇಲೆ ಕಥೆ ತಿರುಗಿತು. ಟರ್ಕಿಯಲ್ಲಿ ಹುಟ್ಟಿ ಇಲ್ಲಿ ಬೆಳೆದ ಲೇಖಕ ಫೆರಿದುನ್ ಝೈಮೋಗ್ಲು 1995ರಲ್ಲಿ ಆ ಬೈಗುಳವನ್ನೇ ತಮ್ಮ ಪುಸ್ತಕದ ಹೆಸರಿಗೆ ಏರಿಸಿದರು: ‘ಕನಾಕ್ ಶ್ಪ್ರಾಕ್’, ಅಂದರೆ ಕನಾಕರ ಮಾತು. ವಲಸಿಗರ ಮಕ್ಕಳ ಬೀದಿಮಾತಿಗೆ ಅದರಲ್ಲಿ ಜಾಗ ಸಿಕ್ಕಿತು. 1998ರಲ್ಲಿ ಜನಾಂಗಭೇದದ ವಿರುದ್ಧ ‘ಕನಾಕ್ ಅಟ್ಯಾಕ್’ ಎಂಬ ಗುಂಪೂ ಹುಟ್ಟಿತು. ಇವತ್ತು ವಲಸಿಗರ ಮನೆಯ ಮಕ್ಕಳು ತಮ್ಮತಮ್ಮಲ್ಲೇ ಸಲಿಗೆಯಿಂದ ಹಾಗೆ ಕರೆದುಕೊಳ್ಳುತ್ತಾರೆ. ದೂರದ ಪೆಸಿಫಿಕ್‌ನ ನ್ಯೂ ಕ್ಯಾಲೆಡೋನಿಯಾ ದ್ವೀಪಗಳಲ್ಲಂತೂ ಮೂಲನಿವಾಸಿಗಳು ‘ಕನಕ್’ ಎಂದೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಅಂದರೆ ನಾವೂ ಬಳಸಬಹುದಾ? ಬೇಡ. ಆ ಸಲಿಗೆ ಅವರದು. ಅಪ್ಪ, ಅಜ್ಜ ಆ ಮಾತು ಕೇಳಿ ನುಂಗಿಕೊಂಡ ಮನೆಯವರು ಅವರು. ನಮ್ಮ ಪಾರ್ಟಿಗಳಲ್ಲಿ ಕೆಲವರು ಟರ್ಕಿಯವರ ಬಗ್ಗೆ ಕನ್ನಡದಲ್ಲೇ ಆಡುವ ಮಾತು ಕೇಳಿದರೆ ನನಗೆ ನಾಚಿಕೆಯಾಗುತ್ತದೆ. ಭಾಷೆ ಬೇರೆ, ಧಾಟಿ ಅದೇ. ಮಗನಿಗೆ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಈ ಕಥೆಯಷ್ಟೇ ಹೇಳಿದೆ. ಗೆಳೆಯನ ಅಜ್ಜ ಯಾವ ವರ್ಷ ಬಂದರು ಎಂದು ಮಾರನೇ ದಿನ ಅವನೇ ಕೇಳಿಕೊಂಡು ಬಂದ.

ನಿಮಗೇ ಯಾರಾದರೂ ಅಂದರೆ? ಜಗಳಕ್ಕೆ ನಿಲ್ಲಬೇಡಿ. ದಿನ, ಹೊತ್ತು, ಜಾಗ, ಕೇಳಿಸಿಕೊಂಡವರು ಯಾರು ಎಂದು ಬರೆದಿಟ್ಟುಕೊಳ್ಳಿ. ಜರ್ಮನ್ ದಂಡಸಂಹಿತೆಯ 185ನೇ ಕಲಂ ಪ್ರಕಾರ ಅವಮಾನ ಮಾಡುವುದು ಅಪರಾಧ. ಅಂದವರು ಯಾರೆಂದು ಗೊತ್ತಾದ ಮೂರು ತಿಂಗಳೊಳಗೆ ಪೊಲೀಸರಲ್ಲಿ ದೂರು ಕೊಡಬೇಕು. ಆಫೀಸಿನಲ್ಲಾದರೆ ತಡಮಾಡದೆ ಕಂಪನಿಗೆ ಬರವಣಿಗೆಯಲ್ಲೇ ತಿಳಿಸಿ. ಪರಿಹಾರ ಕೇಳಲು ಎರಡೇ ತಿಂಗಳ ಗಡುವು.

ಕನಕಾ ಎಂಬ ಹೆಸರಿನ ಮಗಳನ್ನು ಕರೆತರುವವರು ನನ್ನನ್ನು ಕೇಳುವುದುಂಟು, ಹೆಸರು ಬದಲಿಸಬೇಕಾ ಅಂತ. ಬೇಡ. ಶಾಲೆ ಶುರುವಾಗುವ ಮೊದಲೇ ಟೀಚರನ್ನು ಕಂಡು, ಅದಕ್ಕೆ ಚಿನ್ನ ಎಂದರ್ಥ ಎಂದು ಹೇಳಿ. ‘ನ’ ಎಳೆಯದೆ, ಮೊದಲ ‘ಕ’ದ ಮೇಲೆ ಒತ್ತು ಹಾಕಿ ಕರೆಯುವುದನ್ನು ಎರಡು ಸಲ ಹೇಳಿಸಿಯೇ ಬನ್ನಿ.