ಗುಡ್ಡದ ಮಣ್ಣು, ಓಢೆಯ ನೀರು: ನನ್ನ ಅನುಭವ

ಓಢೆ (ಪಕ್ಕದ ಹಳ್ಳ) ಉಕ್ಕುತ್ತದೆ ಅಂತ ರಾತ್ರಿ ಎರಡು ಗಂಟೆಗೆ ನಾನು ಬಾಗಿಲು ಬಡಿದದ್ದಕ್ಕೆ ಸೊಸೈಟಿಯ ಐವತ್ತು-ಅರವತ್ತು ಜನ ಬೇಸ್‌ಮೆಂಟಿನಿಂದ ಗಾಡಿ ಎತ್ತಿ ರಸ್ತೆಗೆ ತಂದು ನಿಲ್ಲಿಸಿದರು. ಮೇಲೆ ನೋಡಿದರೆ ಒಂದು ಮೋಡ ಇಲ್ಲ, ಚುಕ್ಕೆ ಮಿನುಗುತ್ತಿವೆ. ನನ್ನ ಮಳೆಮಾಪಕ ಮಾತ್ರ 80 ಮಿ.ಮೀ. ಆಗಿದೆ ಅನ್ನುತ್ತಿತ್ತು! ಗಾಳಿಗೆ ಅದು ನಿಂತ ಪೈಪು ಅಲುಗಾಡಿ, ನೀರು ತುಂಬಿದಾಗ ಮಗುಚಬೇಕಾದ ಒಳಗಿನ ಪುಟ್ಟ ಬಕೆಟ್ಟು ತಾನೇ ಕುಣಿದಿತ್ತು, ರೀಡ್ ಸ್ವಿಚ್ಚು (ಅಯಸ್ಕಾಂತದ ಸ್ವಿಚ್ಚು) ಪ್ರತಿ ಕುಣಿತವನ್ನೂ ಮಳೆ ಅಂತ ಬರೆದುಕೊಂಡಿತ್ತು. ಆವತ್ತಿನಿಂದ ಲಿಫ್ಟಿನಲ್ಲಿ ಸಿಕ್ಕವರೆಲ್ಲ ನನ್ನನ್ನು ‘ವೇಧಶಾಳಾ’ (ಮರಾಠಿಯಲ್ಲಿ ಹವಾಮಾನ ವೀಕ್ಷಣಾಲಯ) ಅಂತಲೇ ಕರೆದರು.

ವಿಜಯಪುರ ಬಿಟ್ಟು ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಬುಧವಾರ ಪೇಠೆಯ ತಪಕೀರ್ ಗಲ್ಲಿ ಹತ್ತಿರ ಮೀಟರು, ಇನ್‌ವರ್ಟರು ರಿಪೇರಿ ಮಾಡುತ್ತೇನೆ. ಮನೆ ಅಂಬಿಲ್ ಓಢೆಯ ಬದಿಗೆ. 2019ರ ಸೆಪ್ಟೆಂಬರ್ 25ರ ರಾತ್ರಿ ಈ ಓಢೆ ಏನು ಮಾಡಿತು ಅಂತ ಪುಣೆಯವರಿಗೆ ಹೇಳಬೇಕಿಲ್ಲ. ಅರಣ್ಯೇಶ್ವರದ ಹತ್ತಿರ ಗೋಡೆ ಬಿದ್ದು ಜನ ಸತ್ತರು. ನಮ್ಮದು ಒಂದು ಸ್ಕೂಟರು, ಒಂದು ಫ್ರಿಜ್ ಹೋಯಿತು, ಅಷ್ಟೇ. ಮುಠಾ ನದಿಯದು ಬೇರೆ ಲೆಕ್ಕ. ಖಡಕವಾಸಲಾ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವುದು ಮೊದಲೇ ಊರಿಗೆ ತಿಳಿಯುತ್ತದೆ, ಭಿಡೆ ಸೇತುವೆ ಮುಳುಗಿದ್ದು ಟೀವಿಯಲ್ಲಿ ಬರುತ್ತದೆ. ಓಢೆಗೆ ಬಾಗಿಲೂ ಇಲ್ಲ, ಕಾವಲುಗಾರನೂ ಇಲ್ಲ. ಆರೆಂಜ್ ಅಲರ್ಟ್ ಇಡೀ ಜಿಲ್ಲೆಗೆ ಬರುತ್ತದೆ, ನನ್ನ ಬೇಸ್‌ಮೆಂಟಿಗಲ್ಲ.

ಮೊದಲ ವರ್ಷ, ಓಢೆಯ ನೀರು ಇಳಿದು ಬರುವ ಕಾತ್ರಜ್ ಗುಡ್ಡದ ಮೇಲ್ಗಡೆ ಪರಿಚಯದ ಹಾಲಿನವನ ಗೋಠಾದ (ಕೊಟ್ಟಿಗೆಯ) ಪಕ್ಕ ಮಳೆ ಅಳೆಯುವ ಒಂದು ಸ್ಟೇಷನ್ ನಿಲ್ಲಿಸಿದೆ. ಬಾಡಿಗೆ ಇಲ್ಲ, ತಿಂಗಳಿಗೊಮ್ಮೆ ಧಾರವಾಡ ಪೇಢೆ. ಕಂಪನಿ ಏಜೆಂಟನೊಬ್ಬ ಇಂಥದ್ದಕ್ಕೇ ಒಂದೂಮುಕ್ಕಾಲು ಲಕ್ಷ ಹೇಳಿದ್ದ. ನಾನು ಒಂಬತ್ತು ಸಾವಿರದಲ್ಲಿ ಮುಗಿಸುತ್ತೇನೆ ಅಂದೆ, ಆ ವರ್ಷ ಇಪ್ಪತ್ತೆರಡು ಸಾವಿರ ಕೈಬಿಟ್ಟಿತು. ಮೊಬೈಲ್ ನೆಟ್‌ವರ್ಕಿನಲ್ಲಿ ಅಂಕಿ ಕಳಿಸುವ ಜಿಎಸ್‌ಎಂ ಮಾಡ್ಯೂಲು ಸಿಗ್ನಲ್ ಹುಡುಕುವಾಗ ಎರಡು ಆಂಪಿಯರ್ ಎಳೆದು ಬೋರ್ಡನ್ನೇ ರೀಸೆಟ್ ಮಾಡುತ್ತಿತ್ತು, ಅದೂ ಮಳೆ ಜೋರಿದ್ದಾಗಲೇ. ದೊಡ್ಡ ಕೆಪಾಸಿಟರ್ ಹಾಕಬೇಕು ಅಂತ ದಿನಾ ಗಿರಾಕಿಗಳಿಗೆ ಹೇಳುವವನು ನಾನೇ, ನನ್ನದಕ್ಕೆ ಮರೆತಿದ್ದೆ. ಆಮೇಲೆ ಗುಲ್‌ಮೊಹರಿನ ಎಲೆ. ಇಡೀ ಊರು ನೆನೆಯುತ್ತಿದ್ದರೆ ನನ್ನ ಫೋನಿನಲ್ಲಿ ಸೊನ್ನೆ. ಹೋಗಿ ನೋಡಿದರೆ ಫನೆಲ್ಲಿನಲ್ಲಿ ಆ ಸಣ್ಣೆಲೆಗಳ ಗಂಜಿ, ಅದರ ಮೇಲೆ ನೀರು ಕೆರೆಯ ಹಾಗೆ ನಿಂತಿದೆ, ಒಂದು ಸತ್ತ ಇರುವೆ ತೇಲುತ್ತಿದೆ.

ಇದೆಲ್ಲ ಸರಿಹೋದ ಮೇಲೂ ಲೆಕ್ಕ ಕೂಡಲಿಲ್ಲ. ಜೂನಿನಲ್ಲಿ ಸುಮಾರು 60 ಮಿ.ಮೀ. ಬಿದ್ದಾಗ ಓಢೆ ಮೊಣಕಾಲಿಗೂ ಬರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ 40ಕ್ಕೇ ಎದೆಮಟ್ಟ.

ಉತ್ತರ ಸಿಕ್ಕಿದ್ದು ಬೇರೆ ಕಡೆ, ನೀರೇ ಇಲ್ಲದ ಜಾಗದಲ್ಲಿ. ಸಾಸವಡದ ಹತ್ತಿರ ನಮ್ಮೂರ ಕಡೆಯ ಗೆಳೆಯನದು ಎರಡು ಎಕರೆ ಅಂಜೂರದ ತೋಟ. ಘಟ್ಟದ ಮೇಲಿನ ಲೋಣಾವಳಾದಲ್ಲಿ ನಾಲ್ಕು ಸಾವಿರ ಮಿ.ಮೀ. ಸುರಿದರೂ ಆ ಕಡೆ 500 ಆಸುಪಾಸು. ಟ್ಯಾಂಕರ್ ಯಾವಾಗ ಹೇಳಬೇಕು ಅನ್ನುವುದೇ ಅವನ ಚಿಂತೆ. ಎಲೆ ಬಾಡಿದ ಮೇಲೆ ಫೋನ್ ಮಾಡಿದರೆ ಡಬಲ್ ರೇಟು. ಅವನಿಗೆ ಒಂದು ಗೇಣು ಆಳಕ್ಕೊಂದು, ಒಂದೂವರೆ ಅಡಿ ಆಳಕ್ಕೊಂದು ಮಣ್ಣಿನ ತೇವದ ಸೆನ್ಸರ್ ಹೂತುಕೊಟ್ಟೆ. ಇನ್ನೂರು ರೂಪಾಯಿಯ ಕೆಪ್ಯಾಸಿಟಿವ್ ಪಟ್ಟಿಗಳು. ಅದರ ಕತ್ತರಿಸಿದ ಅಂಚು ನೀರು ಕುಡಿದು ಕೆಡುತ್ತದೆ ಅನ್ನುವುದು ಗೊತ್ತಾಗುವಷ್ಟರಲ್ಲಿ ಏಳೆಂಟು ಹಾಳಾದವು. ಈಗ ಎಪಾಕ್ಸಿ ಬಳಿಯುತ್ತೇನೆ, ಅದರ ಮೇಲೆ ಇನ್ನೊಂದು ಬಳಿಯುತ್ತೇನೆ, ಅದೇನೆಂದು ಹೇಳುವುದಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಸೆನ್ಸರನ್ನು ಬಿಟ್ಟು ದೂರ ಸರಿಯುತ್ತದೆ, ಒಂದೇ ರಾತ್ರಿಯಲ್ಲಿ ಬರಗಾಲ ಬಂದಂತೆ ಗ್ರಾಫು ಬೀಳುತ್ತದೆ. ಅದಕ್ಕೆ ಸುತ್ತ ಅದೇ ಮಣ್ಣಿನ ರಾಡಿ ಮಾಡಿ ತುಂಬಬೇಕು. ಶೇಕಡಾವಾರು ಲೆಕ್ಕಕ್ಕೆ ಮಣ್ಣನ್ನು ತೂಗಿ, 105 ಡಿಗ್ರಿಯಲ್ಲಿ ಒಣಗಿಸಿ, ಮತ್ತೆ ತೂಗಿದೆ. ಮನೆಯ ಓವನ್ನಿನಲ್ಲಿ. ಹೆಂಡತಿ ಅದರಲ್ಲಿ ಮತ್ತೆ ಕೇಕು ಮಾಡಿಲ್ಲ.

ಮೇಲಿನ ಸೆನ್ಸರಿನ ಅಂಕಿ ಇಳಿದರೆ ಚಿಂತೆಯಿಲ್ಲ. ಕೆಳಗಿನದು ಇಳಿಯತೊಡಗಿತೆಂದರೆ ಹತ್ತು-ಹನ್ನೆರಡು ದಿನದಲ್ಲಿ ಎಲೆ ಬಾಡುತ್ತದೆ. ಎರಡು ಬೇಸಿಗೆ ಇದನ್ನೇ ನಂಬಿ ಅವನು ಟ್ಯಾಂಕರ್ ಮುಂಚೆಯೇ ಹೇಳಿಟ್ಟ. ಹದಿನೈದು-ಹದಿನಾರು ಸಾವಿರ ಉಳಿಯಿತು ಅನ್ನುತ್ತಾನೆ. ನನಗೆ ಬಂದದ್ದು ಒಂದು ಬುಟ್ಟಿ ಅಂಜೂರ.

ಅಲ್ಲಿ ಕೂತಿದ್ದಾಗಲೇ ಹೊಳೆಯಿತು, ಒಣಗುವುದನ್ನು ಹೇಳುವ ಮಣ್ಣು ತುಂಬಿದ್ದನ್ನೂ ಹೇಳಬೇಕಲ್ಲ? ಅದೇ ಪಟ್ಟಿಯನ್ನು ಕಾತ್ರಜಿಗೆ ಒಯ್ದೆ. ಅಲ್ಲಿ ಮಣ್ಣು ಗೇಣಿನಷ್ಟು, ಕೆಳಗೆ ಮುರುಮು, ಅದರ ಕೆಳಗೆ ಕರಿಬಂಡೆ. ಜೂನಿನಲ್ಲಿ 18 ಪರ್ಸೆಂಟ್ ತೇವ ಇದ್ದದ್ದು ಮಳೆಗಾಲದ ಕೊನೆಗೆ 37-38ಕ್ಕೆ ಬಂದು ನಿಂತುಬಿಡುತ್ತದೆ. ನಿಂತಿತೆಂದರೆ ಅದು ಇನ್ನು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಇಳಿಜಾರಿಗೆ. ಕಾತ್ರಜ್ ಕೆರೆಯೂ ತುಂಬಿದ್ದರೆ ತಡೆಯುವವರೇ ಇಲ್ಲ. ಕೆರೆಗೆ ಸೆನ್ಸರ್ ಹಾಕಿಲ್ಲ, ಹಾಲಿನವ ದಿನಾ ಬೆಳಿಗ್ಗೆ ಫೋಟೋ ಕಳಿಸುತ್ತಾನೆ, ಬ್ಯಾಟರಿ ಬೇಕಿಲ್ಲ. ಮಣ್ಣಿನ ಅಂಕಿಯನ್ನೂ ಹದಿನೈದು ನಿಮಿಷದ ಮಳೆಯನ್ನೂ ಹೇಗೆ ಕೂಡಿಸುತ್ತೇನೆ ಅನ್ನುವುದು ನನ್ನ ನೋಟುಬುಕ್ಕಿನಲ್ಲೇ ಇರಲಿ.

ನಡುವೆ ಒಂದು ಹುಚ್ಚು. ವಳೀವಿನ ಮಳೆಗೆ (ಮುಂಗಾರಿಗೂ ಮೊದಲಿನ ಗುಡುಗು ಮಳೆಗೆ) ಮುಂಚೆ ತಣ್ಣನೆ ಗಾಳಿ ಬೀಸುತ್ತದಲ್ಲ, ಅದನ್ನು ಹಿಡಿಯಲು ಒತ್ತಡ, ಉಷ್ಣತೆ ಎರಡನ್ನೂ ನಿಮಿಷಕ್ಕೊಮ್ಮೆ ಬರೆದಿಟ್ಟೆ. ಐದಾರು ಡಿಗ್ರಿ ಇಳಿದು ಕಾಲು ಗಂಟೆಗೆ ಹನಿ ಬೀಳುತ್ತದೆ, ನಿಜ. ಆದರೆ ಅಷ್ಟರಲ್ಲಿ ಮೂಗಿಗೇ ಮಣ್ಣಿನ ವಾಸನೆ ಬಂದಿರುತ್ತದೆ.

ಹೋದ ಸೆಪ್ಟೆಂಬರಿನ ಒಂದು ಸಂಜೆ ಮಣ್ಣು 37ರಲ್ಲಿತ್ತು, ಕೆರೆ ಕೋಡಿ ಬಿದ್ದಿತ್ತು. ಏಳೂವರೆಗೆ ಗುಡ್ಡದ ಮೇಲೆ ಕಾಲು ಗಂಟೆಯಲ್ಲಿ 20 ಮಿ.ಮೀ. ಹತ್ತಿರ. ನಮ್ಮಲ್ಲಿ ಬರೀ ತುಂತುರು. ‘ಮತ್ತೆ ಶುರುವಾಯಿತಾ?’ ಅಂದರು ಚೇರ್ಮನ್ನರು. ಏಳೆಂಟು ಜನ ಮಾತ್ರ ಗಾಡಿ ತೆಗೆದರು, ಉಳಿದವರು ಅವರನ್ನು ನೋಡಿ ತೆಗೆದರು. ನಲವತ್ತು ನಿಮಿಷಕ್ಕೆ ಓಢೆ ಗೋಡೆಗೆ ಬಂತು, ಐವತ್ತಕ್ಕೆ ಬೇಸ್‌ಮೆಂಟಿನಲ್ಲಿ ಮೂರು ಅಡಿ. ಒಳಗೆ ಉಳಿದದ್ದು ಒಂದೇ ಕಾರು, ಚೇರ್ಮನ್ನರದು.

ಮುಂದಿನ ಮೀಟಿಂಗಿನಲ್ಲಿ ಎರಡನೇ ಸ್ಟೇಷನ್ನಿಗೆ ಹನ್ನೊಂದು ಸಾವಿರ ಪಾಸಾಯಿತು. ಈ ಸಲ ಪೈಪಿಗೆ ಮೂರು ಕಡೆಯಿಂದ ತಂತಿ ಬಿಗಿದಿದ್ದೇನೆ.